ಕತ್ತೆಯಿಂದ ಒಂಟೆಗೆ

ಗಂಡ ಹೆಂಡಿರ ಆಸೆ ಒಂದೇ ಅಳತೆಯದಲ್ಲ ಎಂಬುದು ಯೆಹೂದಿ ಪಂಡಿತರಿಗೆ ಗೊತ್ತಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾದಲ್ಲಿ ದೇಹಸುಖ ಗಂಡನು ಹೆಂಡತಿಗೆ ತೀರಿಸಬೇಕಾದ ಋಣ. ಕಸುಬಿಗೆ ತಕ್ಕ ಗಡುವೂ ಉಂಟು: ಕೂಲಿಯಾಳಿಗೆ ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನಿಗೆ ವಾರಕ್ಕೊಮ್ಮೆ, ಒಂಟೆಯವನಿಗೆ 30 ದಿನಕ್ಕೊಮ್ಮೆ, ನಾವಿಕನಿಗೆ 6 ತಿಂಗಳಿಗೊಮ್ಮೆ. (ಕೊಲ್ಲಿಯಲ್ಲಿ ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ನಮ್ಮವರು ಎಷ್ಟೋ ಮಂದಿ.)

ಒಲ್ಲೆನೆಂದರೆ ದಂಡ. ಗಂಡ ಒಲ್ಲದಿದ್ದರೆ ಹೆಂಡತಿಯ ಮದುವೆ ಕರಾರಿನ ಹಣಕ್ಕೆ ವಾರಕ್ಕೆ 3 ದಿನಾರ್ ಸೇರುತ್ತಿತ್ತು. ಅವಳು ಒಲ್ಲದಿದ್ದರೆ 7 ಕಳೆಯುತ್ತಿತ್ತು. ನ್ಯಾಯವೇನಲ್ಲ, ಆದರೂ ಅವಳ ಬಯಕೆಗೆ ಕಾನೂನು ಕಿವಿಗೊಟ್ಟಿತ್ತು.

ಕತ್ತೆಯವನು ಹೆಚ್ಚಿನ ಸಂಪಾದನೆಗೆಂದು ಒಂಟೆ ಹಿಡಿದು ದೂರ ಹೊರಟರೆ? ಹೆಂಡತಿಗೆ ಹಣಕ್ಕಿಂತ ಅವನ ಸಾಮೀಪ್ಯವೇ ಮೇಲು ಎನ್ನುತ್ತದೆ ತಾಲ್ಮುದ್.