ವಿಮಾನ ನಿಲ್ದಾಣಗಳ ನಡುವಿನ ದೂರ: ನಕ್ಷೆಯ ನೇರ ಗೆರೆಯನ್ನು ಏಕೆ ನಂಬಬಾರದು?

ದೆಹಲಿಯಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನದ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಅದು ಬಿಲ್ಲಿನಂತೆ ಬಾಗಿ ಸೈಬೀರಿಯಾದ ಕಡೆಗೆ ಹೋಗಿರುತ್ತದೆ. ಈ ಚಿತ್ರವನ್ನು ಹಂಚಿಕೊಂಡು ‘ಸುಮ್ಮನೆ ಸುತ್ತಿಸುತ್ತಾರೆ’ ಎನ್ನುವವರಿದ್ದಾರೆ. ‘ಭೂಮಿ ಚಪ್ಪಟೆ ಎನ್ನಲು ಇದೇ ಸಾಕ್ಷಿ’ ಎನ್ನುವವರೂ ಇದ್ದಾರೆ. ನಿಜ ಇದಕ್ಕೆ ತದ್ವಿರುದ್ಧ.

ಮೊದಲು ಸುಲಭದ ಲೆಕ್ಕ ಮಾಡೋಣ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111 ಕಿ.ಮೀ. ಬೆಂಗಳೂರು ಮತ್ತು ದೆಹಲಿ ವಿಮಾನ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಬೆಂಗಳೂರಿನ ಅಕ್ಷಾಂಶ 13.20, ದೆಹಲಿಯದು 28.56. ವ್ಯತ್ಯಾಸ 15.36; ಅದನ್ನು 111ರಿಂದ ಗುಣಿಸಿದರೆ 1,705 ಕಿ.ಮೀ. ವೆಬ್‌ಸೈಟ್‌ಗಳು ಕೊಡುವ ಉತ್ತರಕ್ಕೂ ಇದಕ್ಕೂ ಕೆಲವೇ ಕಿಲೋಮೀಟರ್ ಅಂತರ. ಅದೂ ಏಕೆಂದರೆ ಭೂಮಿ ಪೂರ್ತಿ ಗೋಳವಲ್ಲ: ಸಮಭಾಜಕದಲ್ಲಿ ವ್ಯಾಸ 12,756 ಕಿ.ಮೀ., ಧ್ರುವಗಳ ನಡುವೆ 12,714.

ಪೂರ್ವ-ಪಶ್ಚಿಮಕ್ಕೆ ಈ ಗುಣಾಕಾರ ನಡೆಯುವುದಿಲ್ಲ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಬೆಂಗಳೂರಿನ ಬಳಿ ಒಂದು ಡಿಗ್ರಿ ರೇಖಾಂಶ 108 ಕಿ.ಮೀ. ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋ ಬಳಿ 88 ಮಾತ್ರ. ಆದರೆ ಗೋಡೆಗೆ ಹಾಕುವ ನಕ್ಷೆ ಎರಡನ್ನೂ ಒಂದೇ ಅಗಲಕ್ಕೆ ಎಳೆದು ತೋರಿಸುತ್ತದೆ. ಮೋಸವಾಗುವುದು ಇಲ್ಲೇ. ಹಾಗಾಗಿ ದೂರ ಲೆಕ್ಕ ಹಾಕುವ ತಂತ್ರಾಂಶಗಳು ‘ಹ್ಯಾವರ್ಸೈನ್’ನಂಥ ಸೂತ್ರ ಬಳಸಿ ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು, ಅಂದರೆ ಮಹಾವೃತ್ತವನ್ನು ಕಂಡುಹಿಡಿಯುತ್ತವೆ.

ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ದೂರ ಹೀಗೆ ಸುಮಾರು 12,400 ಕಿ.ಮೀ. ನಕ್ಷೆಯಲ್ಲಿ ‘ನೇರ’ವಾಗಿ ಕಾಣುವಂತೆ ಪೆಸಿಫಿಕ್ ದಾಟಿ ಹೋದರೆ ಸುಮಾರು 15,000! ಸೂತ್ರ ಬೇಡವೆಂದರೆ ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಸೈಬೀರಿಯಾದ ಮೇಲೆ ಹೋಗುತ್ತದೆ. 2023ರ ಜೂನ್‌ನಲ್ಲಿ ಇದೇ ಮಾರ್ಗದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ಇಳಿದದ್ದು ರಷ್ಯಾದ ಮಗದಾನ್‌ನಲ್ಲಿ.

ವಿಮಾನ ನಿಜವಾಗಿ ಹಾರುವ ದೂರ ಇದಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಗಾಳಿ, ಬಿರುಗಾಳಿ, ಮುಚ್ಚಿದ ವಾಯುಪ್ರದೇಶ ಎಲ್ಲವೂ ದಾರಿ ಬದಲಿಸುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಪ್ರಯಾಣ ಉದ್ದವಾಯಿತು.

ಈ ಲೆಕ್ಕಕ್ಕೆ ದುಡ್ಡಿನ ಬೆಲೆಯೂ ಇದೆ. ಯುರೋಪಿಯನ್ ಒಕ್ಕೂಟದ 2004ರ ನಿಯಮದಂತೆ, ಅಲ್ಲಿಂದ ಹೊರಟ ವಿಮಾನ ಕಂಪನಿಯ ತಪ್ಪಿನಿಂದ ತುಂಬಾ ತಡವಾದರೆ ಪರಿಹಾರ ನಿಗದಿಯಾಗುವುದು ಮಹಾವೃತ್ತದ ದೂರದ ಮೇಲೆ. ಸುತ್ತಿ ಬಂದ ದೂರ ಲೆಕ್ಕಕ್ಕಿಲ್ಲ. 3,500 ಕಿ.ಮೀ. ಮೀರಿದರೆ 600 ಯೂರೋವರೆಗೆ ಸಿಗುತ್ತದೆ. ಫ್ರಾಂಕ್‌ಫರ್ಟ್–ಬೆಂಗಳೂರು ಸುಮಾರು 7,400 ಕಿ.ಮೀ. ಜರ್ಮನಿಯಲ್ಲಿ ಮಕ್ಕಳಿರುವವರು ಬೋರ್ಡಿಂಗ್ ಪಾಸ್ ಎಸೆಯದಿರುವಂತೆ ಅವರಿಗೆ ಹೇಳಿಡಿ.