ಬಾಡಿಗೆಯ ಆಟ, ಹರಿದ ನಕಾಶೆ



ವಿಡಿಯೋ ಗೇಮಿನ ಚರಿತ್ರೆಯನ್ನು ಕುರಿತು ನಾನು ಬರೆಯಲು ಹೊರಟಿರುವೆನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಮುಗಳಖೋಡದಲ್ಲಿ ನನ್ನ ತರಗತಿಯಲ್ಲಿ ಕುಳಿತವರಿಗೆ ಅದರ ಕಾರಣವೂ ಗೊತ್ತು. ತೊಂಬತ್ತರ ದಶಕದಲ್ಲಿ ನಮ್ಮೂರಿನ ವಿಡಿಯೋ ಗೇಮ್ ಅಂಗಡಿಯಿಂದ ಹುಡುಗರನ್ನು ಕಿವಿ ಹಿಡಿದು ಹೊರಗೆ ಎಳೆದು ತಂದ ಮಾಸ್ತರ ನಾನೇ. ಆ ಅಂಗಡಿ ಇಂದು ಇಲ್ಲ. ನಾನು ನಿವೃತ್ತನಾಗಿಯೂ ವರ್ಷಗಳು ಕಳೆದವು. ಆದರೆ 2024ರ ಬೇಸಿಗೆಯಲ್ಲಿ ಕಂಡ ಒಂದು ದೃಶ್ಯ ಆ ಅಂಗಡಿಯನ್ನು ಮತ್ತೆ ನೆನಪಿಗೆ ತಂದಿತು. ಜೊತೆಗೆ ತೀರಿಸದೆ ಉಳಿದ ಒಂದು ಹಳೆಯ ಬಾಕಿಯನ್ನೂ.

ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಸಂಜೆ ಹನ್ನೊಂದು ವರ್ಷದ ಮೊಮ್ಮಗ ಟಿವಿಯ ಮುಂದೆ ಕುಳಿತು ಆಡುತ್ತಿದ್ದ. ತೆರೆಯ ಮೇಲಿದ್ದುದು ಇಂದಿನ ನಯವಾದ ಚಿತ್ರಗಳಲ್ಲ; ದಪ್ಪ ದಪ್ಪ ಚೌಕಗಳಿಂದ ಮಾಡಿದ, ನನಗೆ ಚೆನ್ನಾಗಿ ಪರಿಚಯವಿದ್ದ ಬಗೆಯ ಬೊಂಬೆಗಳು.

"ಅಜ್ಜಾ, ನೀವು ಹುಡುಗರನ್ನ ಬೈತಿದ್ರಿ ಅಂತ ಅಮ್ಮ ಹೇಳ್ತಾಳಲ್ಲ, ಆ ಕಾಲದ ಆಟ ಇದು" ಎಂದ.

"ಕ್ಯಾಸೆಟ್ ಎಲ್ಲೈತಿ?" ಎಂದು ಕೇಳಿದೆ.

"ಕ್ಯಾಸೆಟ್ ಇಲ್ಲ ಅಜ್ಜಾ. ಆಟ ಬ್ಯಾರೆ ಎಲ್ಲೋ ಐತಿ. ಇಲ್ಲಿಗೆ ಬರೀ ಅದರ ಚಿತ್ರ ಬರತೈತಿ."

ಅವನ ಮಾತು ನಿಜವಾಗಿತ್ತು. ಅವನು ಆಡುತ್ತಿದ್ದುದು ಆಂಟ್‌ಸ್ಟ್ರೀಮ್ ಆರ್ಕೇಡ್ ಎಂಬ ಸೇವೆಯ ಮೂಲಕ. 2019ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳ ಸಾವಿರಕ್ಕೂ ಮಿಕ್ಕಿದ ಆಟಗಳಿವೆ. ಆಟವು ದೂರದ ಒಂದು ಕಂಪ್ಯೂಟರಿನಲ್ಲಿ ನಡೆಯುತ್ತದೆ. ನಾವು ಒತ್ತಿದ ಗುಂಡಿಯ ಸುದ್ದಿ ತಂತಿಯ ಮೂಲಕ ಅಲ್ಲಿಗೆ ಹೋಗುತ್ತದೆ. ಅಲ್ಲಿ ಬೊಂಬೆ ಜಿಗಿಯುತ್ತದೆ. ಜಿಗಿದ ಚಿತ್ರ ಸಿನಿಮಾದಂತೆ ನಮ್ಮ ತೆರೆಗೆ ಹರಿದು ಬರುತ್ತದೆ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸೆಕೆಂಡಿನ 60ನೆಯ ಒಂದು ಭಾಗ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ಐದುನೂರು ಕಿಲೋಮೀಟರ್ ಹೋಗಿ ಬರಲು ಅದಕ್ಕೆ ಸೆಕೆಂಡಿನ ಇನ್ನೂರನೆಯ ಒಂದು ಭಾಗ ಸಾಕು. ತಡವಾಗುವುದು ಬಹುಮಟ್ಟಿಗೆ ಚಿತ್ರವನ್ನು ಅಡಕಗೊಳಿಸುವಲ್ಲಿ, ಬಿಚ್ಚುವಲ್ಲಿ ಮತ್ತು ಮನೆಯೊಳಗಿನ ವೈಫೈಯಲ್ಲಿ. ಆ ತಡ ತುಸು ಹೆಚ್ಚಾದರೂ ಜಿಗಿಯಬೇಕಾದವನು ಹೊಂಡಕ್ಕೆ ಬೀಳುತ್ತಾನೆ.

ದೂರದಲ್ಲೆಲ್ಲೋ ಇರುವ ಚಿತ್ರ ನಮ್ಮ ತೆರೆಗೆ ಬರುವುದು ನಮ್ಮ ಸೀಮೆಗೆ ತೀರ ಹೊಸದೇನೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಭಾರತದ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ನೇರವಾಗಿ ಕಳುಹಿಸುವ ಪ್ರಯೋಗ ನಡೆಯಿತು. 'ಸೈಟ್' ಎಂಬ ಹೆಸರಿನ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗಾ, ರಾಯಚೂರು ಮತ್ತು ನಮ್ಮ ನೆರೆಯ ಬಿಜಾಪುರ ಜಿಲ್ಲೆಗಳನ್ನು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ನಮ್ಮದು ಬೆಳಗಾವಿ ಜಿಲ್ಲೆಯಾದ್ದರಿಂದ ಆ ಭಾಗ್ಯ ನಮಗೆ ಬರಲಿಲ್ಲ. ಆದರೆ ಹತ್ತು ಹನ್ನೆರಡು ವರ್ಷಗಳ ನಂತರ, 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗ, ಟಿವಿ ಇದ್ದ ಒಂದೊಂದು ಮನೆಯ ಪಡಸಾಲೆಯೂ ಭಾನುವಾರ ಬೆಳಿಗ್ಗೆ ಜಾತ್ರೆಯಾದುದನ್ನು ನಾನೇ ಕಂಡಿದ್ದೇನೆ. ತೆರೆ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ಹತ್ತು ಜನರ ಸೊತ್ತು.

ಇನ್ನು ಆಟದ ಕಥೆ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಪಾಂಗ್' ಎಂಬ ಯಂತ್ರವನ್ನು ಹೊರತಂದಿತು. ನಾಣ್ಯ ಹಾಕಿದರೆ ತೆರೆಯ ಮೇಲೆ ಚೆಂಡಾಟ. ಎಂದರೆ ಈ ವ್ಯಾಪಾರ ಬೆಳೆದದ್ದೇ ಬಾಡಿಗೆಯಿಂದ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಕಾಮ್' ಎಂಬ ಮನೆಬಳಕೆಯ ಯಂತ್ರವನ್ನು, 1985ರಲ್ಲಿ ಅದರಲ್ಲಿ ಆಡುವ 'ಸೂಪರ್ ಮಾರಿಯೋ ಬ್ರದರ್ಸ್' ಆಟವನ್ನು ತಂದಮೇಲೆ, ಸಿರಿವಂತ ದೇಶಗಳ ಮಕ್ಕಳು ಆಟವನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳತೊಡಗಿದರು. ಭಾರತದಲ್ಲಿ ಆ ಬಗೆಯ ಯಂತ್ರಗಳು ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ಮಾರಾಟವಾದವು. ಅವುಗಳಲ್ಲಿ ಬಹಳಷ್ಟು ನಕಲು.

ಕಬ್ಬಿನ ಬಿಲ್ಲಿನ ಮೇಲೆ ಇಡೀ ವರ್ಷ ಕಳೆಯುವ ನಮ್ಮ ರಾಯಬಾಗ ತಾಲೂಕಿನ ಮನೆಗಳಲ್ಲಿ ಇಂಥ ಯಂತ್ರವನ್ನು ಕೊಳ್ಳುವವರು ಯಾರು? ಹೀಗಾಗಿ ಮಿರಜಿನಿಂದ ಒಂದು ಯಂತ್ರವನ್ನೂ ಹಳೆಯ ಟಿವಿಯೊಂದನ್ನೂ ತಂದು, ತಗಡಿನ ಶೆಡ್ಡಿನಲ್ಲಿ ಇಟ್ಟು, ಅರ್ಧ ತಾಸಿಗೆ ಎರಡು ರೂಪಾಯಿಯಂತೆ ಆಡಿಸುವ ಅಂಗಡಿ ಬಂದಿತು. ಒಂದು ಬಾಕಿನ ಮೇಲೆ ಇಬ್ಬರು ಆಡುವವರು, ಹಿಂದೆ ನಿಂತು ನೋಡುವವರು ಹನ್ನೆರಡು ಮಂದಿ. ಕರೆಂಟು ಹೋದರೆ ಸಮಯದ ಲೆಕ್ಕಕ್ಕೆ ಜಗಳ. ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಊದುವುದು. ಊದಿದ್ದರಿಂದ ಉಪಕಾರವೇನೂ ಆಗುತ್ತಿರಲಿಲ್ಲವೆಂದೂ, ತೆಗೆದು ಮತ್ತೆ ಸರಿಯಾಗಿ ಕೂಡಿಸಿದ್ದರಿಂದಲೇ ಅದು ನಡೆಯುತ್ತಿತ್ತೆಂದೂ, ಉಸಿರಿನ ತೇವ ಕ್ಯಾಸೆಟ್ಟಿನ ಲೋಹದ ಹಲ್ಲುಗಳನ್ನು ಕೆಡಿಸುತ್ತಿತ್ತೆಂದೂ ಈಗ ಓದಿ ತಿಳಿದೆ. ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಬರೆದಿರುತ್ತಿತ್ತು. ಒಳಗೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಗಣಿತದಲ್ಲಿ ನಾಪಾಸಾದ ಹುಡುಗರೂ ಆ ಮೋಸವನ್ನು ಮೊದಲ ವಾರದಲ್ಲೇ ಎಣಿಸಿ ಹಿಡಿದಿದ್ದರು.

ಇಂದು ಪಾಶ್ಚಾತ್ಯರು ಈ ಹರಿದು ಬರುವ ಆಟಗಳನ್ನು ಕುರಿತು ಬರೆಯುವಾಗ ಒಂದು ದುಃಖವನ್ನು ತೋಡಿಕೊಳ್ಳುತ್ತಾರೆ: ಆಟ ಈಗ ನಮ್ಮ ಸ್ವಂತದ್ದಲ್ಲ, ಬಾಡಿಗೆಯದು ಎಂದು. ಆ ದುಃಖ ಸುಳ್ಳಲ್ಲ. ಗೂಗಲ್ ಸಂಸ್ಥೆ 2019ರ ನವೆಂಬರಿನಲ್ಲಿ ಆರಂಭಿಸಿದ 'ಸ್ಟೇಡಿಯಾ' ಎಂಬ ಸೇವೆಯನ್ನು 2023ರ ಜನವರಿ 18ರಂದು ಮುಚ್ಚಿತು. ಕೊಂಡವರಿಗೆ ಹಣ ಮರಳಿತು, ಆಟ ಉಳಿಯಲಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ. ಹಂಪಿಯ ಬಂಡೆಗಳ ಮೇಲೆ ಕೊರೆದ ಆಟದ ಮನೆಗಳಲ್ಲಿ ಇಂದಿಗೂ ನಾಲ್ಕು ಹರಳಿಟ್ಟು ಆಡಬಹುದು. ನಲವತ್ತು ವರ್ಷದ ಆಟಕ್ಕೆ ಆ ಆಯುಷ್ಯವಿಲ್ಲ.

ಆದರೆ ನಮ್ಮೂರ ಹುಡುಗರು ಆಟವನ್ನು ಎಂದು ಕೊಂಡಿದ್ದರು? ಅವರಿಗೆ ಅದು ಸದಾ ಬಾಡಿಗೆಯದೇ ಆಗಿತ್ತು. ತಗಡಿನ ಶೆಡ್ಡು ಹೋಗಿ ದೂರದ ಕಂಪ್ಯೂಟರ್ ಬಂದಿದೆ, ಅರ್ಧ ತಾಸಿನ ಎರಡು ರೂಪಾಯಿ ಹೋಗಿ ತಿಂಗಳ ಚಂದಾ ಬಂದಿದೆ. ನಮ್ಮಲ್ಲಿ ಕಳೆದುಹೋದದ್ದು ಬಾಕಿನ ಹಿಂದೆ ನಿಂತಿದ್ದ ಆ ಹನ್ನೆರಡು ಜನ. ಎರಡು ರೂಪಾಯಿ ಇಲ್ಲದವನೂ ಅಲ್ಲಿ ನಿಂತು ಇಡೀ ಆಟವನ್ನು ಕಲಿಯುತ್ತಿದ್ದ. "ಜಿಗೀಲೇ, ಆ ಇಟ್ಟಂಗಿ ಒಳಗ ಅಣಬಿ ಐತಿ" ಎಂದು ಹಿಂದಿನಿಂದ ಹೇಳಿಕೊಡುತ್ತಿದ್ದವನು ಒಮ್ಮೆಯೂ ಕೈಯಲ್ಲಿ ಗುಂಡಿ ಹಿಡಿಯದವನಾಗಿರಬಹುದಿತ್ತು.

ಮ್ಯಾಂಚೆಸ್ಟರಿನ ಮನೆಯಲ್ಲಿ ಮೊಮ್ಮಗ ಒಬ್ಬನೇ ಆಡುತ್ತಿದ್ದ. ಬಾತುಕೋಳಿಗಳಿಗೆ ಗುಂಡು ಹೊಡೆಯುವ ಬಂದೂಕಿನ ಆಟವೂ ನಮ್ಮ ಅಂಗಡಿಯಲ್ಲಿ ಇತ್ತೆಂದು ಹೇಳಿದಾಗ, ಆ ಹಳೆಯ ಬಂದೂಕು ಈಗಿನ ಟಿವಿಗೆ ನಡೆಯುವುದಿಲ್ಲ ಎಂದು ಅವನೇ ವಿವರಿಸಿದ. ಅದರ ಮೂತಿಯಲ್ಲಿ ಗುಂಡಿರಲಿಲ್ಲ, ಬೆಳಕನ್ನು ಗುರುತಿಸುವ ಕಣ್ಣಿತ್ತು. ಕುದುರೆ ಎಳೆದಾಗ ತೆರೆ ಕ್ಷಣಮಾತ್ರ ಕಪ್ಪಾಗಿ ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತಿತ್ತು. ಬಂದೂಕು ಅದನ್ನು ಕಂಡರೆ ಹಕ್ಕಿ ಸತ್ತಂತೆ. ಹಳೆಯ ದಪ್ಪ ಟಿವಿಯ ಮಿಂಚಿನ ವೇಗಕ್ಕೆ ಹೊಂದಿಸಿದ್ದ ಆ ಯುಕ್ತಿ ಇಂದಿನ ಚಪ್ಪಟೆ ತೆರೆಯ ಮುಂದೆ ಕುರುಡು.

ಅಂದು ಅವನೇ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಇಡೀ ಮಾರಿಯೋ ಆಟದ ಗಾತ್ರ ಸುಮಾರು 40 ಕಿಲೋಬೈಟ್. ಹರಿದು ಬರುವ ಚಿತ್ರ ಸೆಕೆಂಡಿಗೆ 5 ಮೆಗಾಬಿಟ್ ಎಂದಿಟ್ಟುಕೊಂಡು ಲೆಕ್ಕ ಹಾಕಿರಿ; ಒಂದೇ ಸೆಕೆಂಡಿನಲ್ಲಿ ಅಂಥ ಹದಿನೈದು ಆಟಗಳಷ್ಟು ಸರಕು ಮನೆಗೆ ಬಂದಿರುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ 32 ಹಂತಗಳನ್ನು ಹೇಗೆ ಅಡಗಿಸಿದರು ಎಂದು ಕೇಳಿದೆ. ಅವನು ಒಂದು ಚಿತ್ರ ತೋರಿಸಿದ. ಮಾರಿಯೋವಿನ ಕರ್ತರಾದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಆ ಹಂತಗಳನ್ನು ಮೊದಲು ಬರೆದದ್ದು ಕಂಪ್ಯೂಟರಿನಲ್ಲಲ್ಲ, ಗ್ರಾಫ್ ಹಾಳೆಗಳ ಮೇಲೆ, ಕೈಯಿಂದ. ಆಟಕ್ಕೆ ಮೂವತ್ತು ವರ್ಷ ತುಂಬಿದ 2015ರಲ್ಲಿ ಆ ಹಾಳೆಗಳನ್ನು ಅವರು ಜಗತ್ತಿಗೆ ತೋರಿಸಿದರು. ಸಣ್ಣ ಚೌಕಗಳಲ್ಲಿ ಇಟ್ಟಂಗಿ, ಕೊಳವೆ, ಹೊಂಡ.

ಅಂಥ ಹಾಳೆಗಳನ್ನು ನಾನು ಮೊದಲೇ ನೋಡಿದ್ದೆ. 1997ರಲ್ಲಿ, ಮುಗಳಖೋಡದಲ್ಲಿ.

ಕೃಷ್ಣಾ ನದಿಯ ನಕಾಶೆ ಬರೆದುಕೊಂಡು ಬರಲು ಹೇಳಿದ್ದೆ. ಒಬ್ಬ ಹುಡುಗ ಬರೆದಿರಲಿಲ್ಲ. ಅವನ ಗಣಿತದ ಚೌಕಳಿ ವಹಿಯನ್ನು ತೆರೆದಾಗ ಹಿಂದಿನ ಪುಟಗಳಲ್ಲಿ ಬೇರೊಂದು ನಕಾಶೆ ಇತ್ತು. ಚೌಕ ಚೌಕವಾಗಿ ಇಟ್ಟಂಗಿ, ಕೊಳವೆ, ಹೊಂಡ. ಎಲ್ಲಿ ಜಿಗಿಯಬೇಕು ಎಂಬುದಕ್ಕೆ ಬಾಣದ ಗುರುತು. ಪುಟದಿಂದ ಪುಟಕ್ಕೆ ಮುಂದುವರಿದ ದಾರಿ. ಆಡಲು ಹಣವಿಲ್ಲದೆ, ಬಾಗಿಲಲ್ಲಿ ನಿಂತು ನೋಡಿದ್ದನ್ನು ನೆನಪಿಟ್ಟುಕೊಂಡು, ಮನೆಗೆ ಹೋಗಿ ಬರೆದದ್ದು. ನಾನು ಆ ಪುಟಗಳನ್ನು ತರಗತಿಯ ಎದುರಿಗೇ ಹರಿದು ಹಾಕಿದೆ. ಅವನು ಅಳಲಿಲ್ಲ, ನೆಲಕ್ಕೆ ಬಿದ್ದ ಚೂರುಗಳನ್ನು ಆರಿಸಿಕೊಂಡು ಕಿಸೆಯಲ್ಲಿ ಇಟ್ಟುಕೊಂಡ.

ಅದೇ ವರ್ಷ ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಪಾಠವನ್ನು ಮಾಡಿದ್ದೆ. 1794ರಿಂದ 1868ರವರೆಗೆ ಬಾಳಿದ ಆ ಅರಸರು ಹಲಗೆಯ ಆಟಗಳನ್ನು ತಾವೇ ರಚಿಸಿ, ಚಿತ್ರ ಬರೆಯಿಸಿ, 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ 'ಕೌತುಕನಿಧಿ'ಯಲ್ಲಿ ದಾಖಲಿಸಿದರೆಂದು ಎಷ್ಟು ಹೆಮ್ಮೆಯಿಂದ ಹೇಳಿದ್ದೆನೋ! ಅರಸ ಆಟದ ನಕಾಶೆ ಬರೆದರೆ ಚರಿತ್ರೆ, ಕಬ್ಬು ಕಡಿಯುವವನ ಮಗ ಬರೆದರೆ ಅಪರಾಧ ಎಂದು ನನಗೆ ಯಾರು ಕಲಿಸಿದ್ದರು? ನಾನೇ ಕಲಿತಿದ್ದೆ.

ಹುಡುಗರು ಓದು ಬಿಟ್ಟು ಅಂಗಡಿಯಲ್ಲಿ ಕೂಡುವುದನ್ನು ತಡೆದದ್ದು ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಕೆಲವರು ಮನೆಯ ಹಣ ಕದ್ದು ಅಲ್ಲಿ ಸುರಿದಿದ್ದರು. ಆದರೆ ನಕಾಶೆ ಎಂದರೇನೆಂದು ಕಲಿಸುವವನು ಎದುರಿಗಿದ್ದ ನಕಾಶೆಯನ್ನು ಗುರುತಿಸಲಿಲ್ಲ. ಅದು ನನ್ನ ತಪ್ಪು.

ಆ ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ. ತಂದೆಯ ಕಾಯಿಲೆಯೇ ಕಾರಣವೆಂದು ಕೇಳಿದೆ. ಮನೆಗೆ ಹೋಗಿ ವಿಚಾರಿಸಲಿಲ್ಲ. ಬಹಳ ವರ್ಷಗಳ ಮೇಲೆ ಯಲ್ಲಾಲಿಂಗೇಶ್ವರ ಮಠದ ಜಾತ್ರೆಯಲ್ಲಿ ಸಿಕ್ಕ. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿರುವುದಾಗಿ ಹೇಳಿದ. "ಆರಾಮ ಅದೀರಿಲ್ರಿ ಗುರುಗಳ?" ಎಂದು ಕಾಲು ಮುಟ್ಟಿ ನಮಸ್ಕರಿಸಿದ. ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಅವನ ತರಗತಿಯ ನಾಲ್ಕಾರು ಮಂದಿ ಇದ್ದೀರಿ. ನಿಮಗೆ ಗುರುತು ಹತ್ತಿರುತ್ತದೆ. ಅವನಿಗೆ ಸುದ್ದಿ ಮುಟ್ಟಿಸಿರಿ. ಆ ಚೂರುಗಳು ಇನ್ನೂ ಉಳಿದಿದ್ದರೆ ನಾನು ಕುಳಿತು ಅಂಟಿಸಿಕೊಡುತ್ತೇನೆ. ಇಲ್ಲವಾದರೆ, ಹಾರೂಗೇರಿಯ ಅಂಗಡಿಯಿಂದ ನೂರು ಪುಟದ ಚೌಕಳಿ ವಹಿಯೊಂದನ್ನು ತಂದಿಟ್ಟಿದ್ದೇನೆ. ಅವನು ಮನೆಗೆ ಬಂದು ನೆನಪಿದ್ದಷ್ಟನ್ನು ಬರೆಯಲಿ. ಈ ಸಲ ಅವನ ಬೆನ್ನ ಹಿಂದೆ ನಿಂತು ನೋಡುವವನು ನಾನು.