ಆಟಗಾರನ ದಣಿವನ್ನು ಅಳೆದ ಐವತ್ತು ವರ್ಷ

ಫುಟ್‌ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಎಷ್ಟು ದೂರ ಓಡುತ್ತಾನೆ? ಇಂದು ಪಂದ್ಯ ಮುಗಿಯುವ ಮೊದಲೇ ಟಿ.ವಿ. ಪರದೆಯ ಮೇಲೆ ಮೂಡುವ ಈ ಅಂಕಿಯನ್ನು 1970ರ ದಶಕದವರೆಗೂ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಇದ್ದದ್ದು ಅಂದಾಜುಗಳು, ಅವೂ ಒಂದಕ್ಕೊಂದು ತಾಳೆಯಾಗದವು. ಲಿವರ್‌ಪೂಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಐರ್ಲೆಂಡ್ ಮೂಲದ ಟಾಮ್ ರೈಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಬಳಸಿದ್ದು ಒಂದು ಟೇಪ್ ರೆಕಾರ್ಡರ್. ಪಂದ್ಯದುದ್ದಕ್ಕೂ ಒಬ್ಬನೇ ಆಟಗಾರನ ಮೇಲೆ ಕಣ್ಣಿಡಬೇಕು. ಅವನು ನಡೆದದ್ದು, ನಿಧಾನವಾಗಿ ಓಡಿದ್ದು, ಜೀವ ಬಿಟ್ಟು ಓಡಿದ್ದು, ಹಿಂದಕ್ಕೆ ಸರಿದದ್ದು, ಎಲ್ಲವನ್ನೂ ಸಂಕೇತಗಳಲ್ಲಿ ಹೇಳುತ್ತಾ ಹೋಗಬೇಕು. ಆಮೇಲೆ ಹೆಜ್ಜೆಯ ಉದ್ದದ ಲೆಕ್ಕದಲ್ಲಿ ಗುಣಿಸಿ ದೂರ ತೆಗೆಯಬೇಕು.

ವಾನ್ ಥಾಮಸ್ ಜೊತೆ ಸೇರಿ ರೈಲಿ 1976ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಸರಾಸರಿ ಓಟ ಸುಮಾರು 8.7 ಕಿಲೋಮೀಟರ್ ಎಂದು ಬಂತು. ಮಿಡ್‌ಫೀಲ್ಡರ್‌ಗಳದ್ದು ಎಲ್ಲರಿಗಿಂತ ಹೆಚ್ಚು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಶೋಧ ಇನ್ನೊಂದು. ಚೆಂಡು ಕಾಲಲ್ಲಿಟ್ಟುಕೊಂಡು ಓಡಿದ ದೂರ ಒಟ್ಟು ದೂರದ ಶೇ 2ನ್ನೂ ಮುಟ್ಟಿರಲಿಲ್ಲ. ಉಳಿದದ್ದೆಲ್ಲ ಚೆಂಡಿಲ್ಲದ ಓಟ: ಜಾಗ ಹಿಡಿಯಲು, ಎದುರಾಳಿಯ ಬೆನ್ನು ಹತ್ತಲು, ಕೊನೆಗೂ ಬಾರದ ಪಾಸ್‌ಗಾಗಿ. ಜೊತೆಗೆ, ಐದಾರು ಸೆಕೆಂಡಿಗೊಮ್ಮೆ ಆಟಗಾರನ ಚಲನೆ ಬದಲಾಗುತ್ತಿತ್ತು. ಒಂದೇ ವೇಗದಲ್ಲಿ ಮೈದಾನ ಸುತ್ತಿಸುವ ಹಳೆಯ ಅಭ್ಯಾಸಕ್ಕೂ ನಿಜವಾದ ಆಟಕ್ಕೂ ಇರುವ ಅಂತರವನ್ನು ಇದು ಬಯಲು ಮಾಡಿತು. ಲಿವರ್‌ಪೂಲ್ ಪಾಲಿಟೆಕ್ನಿಕ್‌ನಲ್ಲಿ 1975ರಲ್ಲಿ ಕ್ರೀಡಾ ವಿಜ್ಞಾನದ ಪದವಿ ಶುರುವಾಗಿತ್ತು. ವಿಜ್ಞಾನ ಮತ್ತು ಫುಟ್‌ಬಾಲ್ ಕುರಿತ ಮೊದಲ ವಿಶ್ವ ಸಮ್ಮೇಳನ 1987ರಲ್ಲಿ ಅದೇ ಊರಿನಲ್ಲಿ ನಡೆಯಿತು.

ಅಷ್ಟು ಹೊತ್ತಿಗೆ ಸ್ವೀಡನ್ನಿನ ವಿಜ್ಞಾನಿಗಳು ಚರ್ಮದ ಒಳಗೂ ಇಣುಕಿದ್ದರು. ತೊಡೆಯಿಂದ ಸೂಜಿಯಲ್ಲಿ ಒಂದು ಚೂರು ಸ್ನಾಯು ತೆಗೆದು ಪರೀಕ್ಷಿಸುವ ವಿಧಾನ ಅಲ್ಲಿ 1960ರ ದಶಕದಲ್ಲೇ ಬೇರೂರಿತ್ತು. ಸ್ನಾಯುವಿನಲ್ಲಿ ಗ್ಲೈಕೋಜೆನ್ (ಪಿಷ್ಟದ ಆಹಾರದಿಂದ ಬರುವ ಶಕ್ತಿ ಸಂಗ್ರಹ) ದಾಸ್ತಾನು ಕಡಿಮೆಯಿದ್ದ ಆಟಗಾರರು ಒಟ್ಟಾರೆ ಕಡಿಮೆ ಓಡುತ್ತಾರೆ, ಕ್ರಮಿಸಿದ ದೂರದಲ್ಲೂ ನಡಿಗೆಯ ಪಾಲೇ ಹೆಚ್ಚು ಎಂದು ಬೆಂಗ್ಟ್ ಸಾಲ್ಟಿನ್ 1973ರಲ್ಲಿ ತೋರಿಸಿದರು. ಪಂದ್ಯದ ಹಿಂದಿನ ದಿನ ಅನ್ನವೋ ಪಾಸ್ತಾವೋ ಹೊಟ್ಟೆ ತುಂಬ ಉಣ್ಣಬೇಕೆಂಬ ಮಾತಿಗೆ ಆಧಾರ ಇಲ್ಲಿದೆ. ಆದರೂ ಈ ಜ್ಞಾನ ಕ್ಲಬ್‌ಗಳ ಅಡುಗೆಮನೆ ತಲುಪಲು ದಶಕಗಳೇ ಹಿಡಿದವು. ಆರ್ಸೆನ್ ವೆಂಗರ್ 1996ರಲ್ಲಿ ಆರ್ಸೆನಲ್‌ಗೆ ಬಂದು ಬೇಯಿಸಿದ ಕೋಳಿ, ತರಕಾರಿ ಬಡಿಸಿದ್ದೇ ಆಗ ಇಂಗ್ಲೆಂಡಿನಲ್ಲಿ ದೊಡ್ಡ ಸುದ್ದಿ.

ಪಶ್ಚಿಮದಲ್ಲಿ ಪ್ರಯೋಗಾಲಯ ಮತ್ತು ಕ್ಲಬ್ ದೂರದೂರವಿದ್ದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಕೀವ್ ನಗರದಲ್ಲಿ ಎರಡೂ ಒಂದೇ ಸೂರಿನಡಿ ಬಂದಿದ್ದವು. ಡೈನಮೊ ಕೀವ್‌ನ ಕೋಚ್ ವಲೇರಿ ಲೊಬನೊವ್‌ಸ್ಕಿ ಎಂಜಿನಿಯರಿಂಗ್ ಓದಿದವರು. ವಿಜ್ಞಾನಿ ಅನತೋಲಿ ಝೆಲೆಂಟ್ಸೋವ್ ಅವರ ಬಲಗೈ. ಪ್ರತಿ ಅಭ್ಯಾಸದ ಹೊರೆಯನ್ನು ಮೊದಲೇ ಲೆಕ್ಕ ಹಾಕಿ, ಯಾವ ವಾರ ಎಷ್ಟು ದುಡಿಸಬೇಕೆಂದು ಅವರು ನಿರ್ಧರಿಸುತ್ತಿದ್ದರು. 1975ರಲ್ಲಿ ತಂಡ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದು, ಸೂಪರ್ ಕಪ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನೂ ಮಣಿಸಿತು. ಮರುವರ್ಷ ಅದೇ ಆಟಗಾರರು ದುಡಿಮೆಯ ಭಾರ ತಾಳಲಾರದೆ ಕೋಚ್‌ಗಳ ವಿರುದ್ಧ ತಿರುಗಿಬಿದ್ದರು. ಸಹ ಕೋಚ್ ಒಲೆಹ್ ಬಜಿಲೆವಿಚ್ ಜಾಗ ಖಾಲಿ ಮಾಡಬೇಕಾಯಿತು, ಲೊಬನೊವ್‌ಸ್ಕಿ ಉಳಿದುಕೊಂಡರು. ಈ ಕ್ಷೇತ್ರದ ಚರಿತ್ರೆ ಬರೆಯುವವರು 1975ರ ಕಪ್‌ಗಳನ್ನು ಮರೆಯುವುದಿಲ್ಲ, 1976ರ ದಂಗೆಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಅಳೆಯಿಸಿಕೊಂಡವನೇ ಬಾಯಿ ಬಿಟ್ಟು ಹೇಳಿದ ಮಾತನ್ನು ಯಾವ ಲೆಕ್ಕದಲ್ಲೂ ಸೇರಿಸಿರಲಿಲ್ಲ ಎಂಬುದು ನನಗೆ ಕಪ್‌ಗಳಷ್ಟೇ ಮುಖ್ಯವಾಗಿ ಕಾಣುತ್ತದೆ.

ನಮಗೆಲ್ಲ ಪರಿಚಯವಿರುವ ಒಂದು ಪರೀಕ್ಷೆಯೂ ಈ ಕಥೆಯಲ್ಲಿದೆ. 2018ರಲ್ಲಿ ಅಂಬಟಿ ರಾಯುಡು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಯೊ-ಯೊ ಪರೀಕ್ಷೆ ದಾಟಲಾಗದೆ ಇಂಗ್ಲೆಂಡ್ ಪ್ರವಾಸದ ಏಕದಿನ ತಂಡದಿಂದ ಹೊರಬಿದ್ದಾಗ ಆ ಪರೀಕ್ಷೆಯ ಹೆಸರು ನಮ್ಮಲ್ಲಿ ಮನೆಮಾತಾಯಿತು. ಅದನ್ನು ರೂಪಿಸಿದ್ದು ಫುಟ್‌ಬಾಲ್‌ಗಾಗಿ, ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ. 20 ಮೀಟರ್ ಹೋಗಿ ಬರಬೇಕು, ಬೀಪ್ ಸದ್ದಿಗೆ ಸರಿಯಾಗಿ ಗೆರೆ ಮುಟ್ಟಬೇಕು, 10 ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಹೊರಡಬೇಕು. ವೇಗ ಏರುತ್ತಲೇ ಇರುತ್ತದೆ. ಆ 10 ಸೆಕೆಂಡಿನಲ್ಲೇ ಪರೀಕ್ಷೆಯ ಜಾಣ್ಮೆ ಇರುವುದು. ಎಷ್ಟು ಹೊತ್ತು ಓಡಬಲ್ಲ ಎನ್ನುವುದಕ್ಕಿಂತ, ಓಡಿದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳಬಲ್ಲ ಎಂಬುದನ್ನು ಅದು ಕೇಳುತ್ತದೆ. ಬಾಂಗ್ಸ್‌ಬೊ, ಮೊಹರ್, ಕ್ರುಸ್ಟ್ರುಪ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಉನ್ನತ ಮಟ್ಟದ ಆಟಗಾರರು ಸಾಧಾರಣ ವೃತ್ತಿಪರರಿಗಿಂತ ಶೇ 28ರಷ್ಟು ಹೆಚ್ಚು ಬಿರುಸಿನ ಓಟ ಓಡುತ್ತಿದ್ದರು. ಪಂದ್ಯದ ಅತಿ ಬಿರುಸಿನ ಐದು ನಿಮಿಷಗಳ ನಂತರದ ಐದು ನಿಮಿಷದಲ್ಲಿ ಓಟ ಸರಾಸರಿಗಿಂತ ಕೆಳಗಿಳಿಯುತ್ತಿತ್ತು. ದಣಿವು ಕೊನೆಯ ಹದಿನೈದು ನಿಮಿಷಕ್ಕೆ ಕಾಯುವುದಿಲ್ಲ, ಪಂದ್ಯದ ನಡುವೆಯೇ ಬಂದು ಹೋಗುತ್ತದೆ.

ಈ ನಡುವೆ ಉಪಕರಣಗಳು ಒಂದರ ಹಿಂದೆ ಒಂದು ಬಂದವು. ಫಿನ್ಲೆಂಡಿನ ಪೋಲಾರ್ ಕಂಪನಿ ವೈರ್ ಇಲ್ಲದೆ ಹೃದಯ ಬಡಿತ ಅಳೆಯುವ ಪಟ್ಟಿಯನ್ನು 1982ರಲ್ಲೇ ತಂದಿತ್ತು. 1990ರ ದಶಕದ ಕೊನೆಗೆ ಪ್ರೊಜೋನ್, ಅಮಿಸ್ಕೊ ಎಂಬ ವ್ಯವಸ್ಥೆಗಳು ಕ್ರೀಡಾಂಗಣದ ಮೇಲ್ಛಾವಣಿಗೆ ಕ್ಯಾಮೆರಾ ಕಟ್ಟಿ ಎಲ್ಲ 22 ಆಟಗಾರರನ್ನೂ ಒಟ್ಟಿಗೆ ಹಿಂಬಾಲಿಸಿದವು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಹುಟ್ಟಿದ ಕ್ಯಾಟಪಲ್ಟ್‌ನಂಥ ಕಂಪನಿಗಳು ಜಿಪಿಎಸ್ ಸಾಧನವನ್ನು ಬಿಗಿಯಾದ ಬನಿಯನ್ನಿನೊಳಗೆ, ಎರಡು ಹೆಗಲ ಮೂಳೆಗಳ ನಡುವೆ ಕೂರಿಸಿದವು. ಫಿಫಾ 2015ರಲ್ಲಿ ಅಧಿಕೃತ ಪಂದ್ಯಗಳಲ್ಲೂ ಅದಕ್ಕೆ ಅನುಮತಿ ನೀಡಿತು. ಅಲ್ಲಿಯವರೆಗೆ ಅಭ್ಯಾಸದ ಓಟ ಜಿಪಿಎಸ್‌ನಲ್ಲಿ, ಪಂದ್ಯದ ಓಟ ಕ್ಯಾಮೆರಾದಲ್ಲಿ, ಎರಡರ ಅಳತೆಯೂ ಬೇರೆ. 2022ರ ಕತಾರ್ ವಿಶ್ವಕಪ್‌ನಲ್ಲಿ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸಿದವು.

ಎ.ಸಿ. ಮಿಲಾನ್ 2002ರಲ್ಲಿ ಕಟ್ಟಿದ ‘ಮಿಲಾನ್ ಲ್ಯಾಬ್’ ಎಂಬ ಗಾಯ ತಡೆಯುವ ಪ್ರಯೋಗಾಲಯದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. 2000ದಲ್ಲಿ ದೊಡ್ಡ ಮೊತ್ತಕ್ಕೆ ತಂದ ಫರ್ನಾಂಡೊ ರೆಡೊಂಡೊ ಮಂಡಿ ಪೆಟ್ಟಿನಿಂದ ವರ್ಷಗಟ್ಟಲೆ ಆಡಲಾಗದೆ ಕುಳಿತದ್ದು ಅದಕ್ಕೆ ಪ್ರೇರಣೆ. 2007ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 38ರ ಪಾವ್ಲೊ ಮಾಲ್ದಿನಿ ಕಪ್ ಎತ್ತಿ ಹಿಡಿದಾಗ ಪ್ರಯೋಗಾಲಯಕ್ಕೂ ಕೀರ್ತಿ ಬಂತು. ಆದರೆ ಗಾಯಗಳು ಕಡಿಮೆಯಾದವೆಂಬ ಮಾತು ಕ್ಲಬ್‌ನ ಬಾಯಿಂದಲೇ ಬಂದದ್ದು. ಹೊರಗಿನವರು ಪರೀಕ್ಷಿಸಿ ನೋಡದ ಯಶಸ್ಸನ್ನು ವಿಜ್ಞಾನದ ಯಶಸ್ಸೆಂದು ಕರೆಯಲು ನಾನು ಸಿದ್ಧನಿಲ್ಲ.

ಅಂಕಿ ಸಿಕ್ಕ ಮೇಲೆ ಅದರಿಂದ ಗಾಯವನ್ನು ಮೊದಲೇ ಊಹಿಸುವ ಆಸೆ ಸಹಜ. ಕಳೆದ ಒಂದು ವಾರದ ಹೊರೆಯನ್ನು ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿ, ಉತ್ತರ 0.8ರಿಂದ 1.3ರೊಳಗಿದ್ದರೆ ಕ್ಷೇಮ, 1.5 ದಾಟಿದರೆ ಅಪಾಯ ಎಂಬ ಸೂತ್ರವನ್ನು ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ 2016ರಲ್ಲಿ ಜನಪ್ರಿಯಗೊಳಿಸಿದರು. ಕ್ಲಬ್‌ಗಳು ಮುಗಿಬಿದ್ದವು. ಕೆಲವೇ ವರ್ಷಗಳಲ್ಲಿ ಫ್ರಾಂಕೊ ಇಂಪೆಲ್ಲಿಝೆರಿ ಮೊದಲಾದ ಸಂಶೋಧಕರು ಅದರ ಬುಡಕ್ಕೇ ಕೈಯಿಟ್ಟರು. ಈ ವಾರದ ಹೊರೆ ನಾಲ್ಕು ವಾರಗಳ ಸರಾಸರಿಯೊಳಗೂ ಸೇರಿರುವುದರಿಂದ ಲೆಕ್ಕವೇ ತನ್ನನ್ನು ತಾನು ಎಳೆದಾಡುತ್ತದೆ, ಹೊರೆಗೂ ಗಾಯಕ್ಕೂ ನಂಟಿದೆ ಎಂದ ಮಾತ್ರಕ್ಕೆ ಸೂತ್ರ ಹಿಡಿದು ಗಾಯ ತಪ್ಪಿಸಬಹುದೆಂದು ಅರ್ಥವಲ್ಲ ಎಂಬುದು ಅವರ ವಾದ. ಅವರ ಪಕ್ಷವೇ ಗಟ್ಟಿಯೆಂದು ನಾನು ತಿಳಿಯುತ್ತೇನೆ.

ಇಷ್ಟೆಲ್ಲ ಅಳೆದು ಗಾಯ ಕಡಿಮೆಯಾಯಿತೇ? ಸಂಶೋಧಕ ಯಾನ್ ಎಕ್‌ಸ್ಟ್ರಾಂಡ್ 2001ರಿಂದ ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು ದಾಖಲಿಸುತ್ತಾ ಬಂದಿದ್ದಾರೆ. 25 ಆಟಗಾರರ ತಂಡದಲ್ಲಿ ಒಂದು ಋತುವಿಗೆ ಸುಮಾರು 50 ಗಾಯಗಳು. 2001–02ರಲ್ಲಿ ಒಟ್ಟು ಗಾಯಗಳಲ್ಲಿ ಶೇ 12ರಷ್ಟಿದ್ದ ತೊಡೆಯ ಹಿಂಬದಿ ಸ್ನಾಯುವಿನ ಗಾಯ 2021–22ಕ್ಕೆ ಶೇ 24ಕ್ಕೇರಿತು. ಆಟವೂ ಬದಲಾಗಿದೆ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ 2006–07ರಿಂದ 2012–13ರ ನಡುವೆ ಒಟ್ಟು ಓಟ ಹೆಚ್ಚಿದ್ದು ಶೇ 2ರಷ್ಟು ಮಾತ್ರ, ಬಿರುಸಿನ ಓಟ ಮಾತ್ರ ಶೇ 30ರಷ್ಟು ಏರಿತು. ಪಂದ್ಯಗಳ ಸಂಖ್ಯೆಯನ್ನಂತೂ ಯಾವ ಕ್ರೀಡಾ ವಿಜ್ಞಾನಿಯೂ ನಿರ್ಧರಿಸುವುದಿಲ್ಲ. ಸ್ಪೇನಿನ ಪೆಡ್ರಿ 18ನೇ ವಯಸ್ಸಿನಲ್ಲಿ, 2020–21ರ ಋತುವಿನಲ್ಲಿ ಯೂರೊ ಕಪ್ ಮತ್ತು ಒಲಿಂಪಿಕ್ಸ್ ಸೇರಿ 73 ಪಂದ್ಯ ಆಡಿದರು. ಅವರ ದೇಹದ ಅಂಕಿಗಳೆಲ್ಲ ಯಾರದೋ ಕಂಪ್ಯೂಟರಿನಲ್ಲಿ ಇದ್ದೇ ಇದ್ದವು.

ಮಹಿಳಾ ಆಟಗಾರರ ಬಗ್ಗೆ ಈ ಕ್ಷೇತ್ರ ತೋರಿದ ಉದಾಸೀನ ಇನ್ನೂ ನೋವಿನದು. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಪುರುಷರಿಗಿಂತ ಹಲವು ಪಟ್ಟು ಹೆಚ್ಚೆಂದು ಗೊತ್ತಿದ್ದರೂ ಸಂಶೋಧನೆಯ ಬಹುಪಾಲು ಪುರುಷರ ಮೇಲೆಯೇ ನಡೆಯಿತು. ಲೀಯಾ ವಿಲಿಯಮ್ಸನ್, ಬೆತ್ ಮೀಡ್, ವಿವಿಯಾನ್ ಮೀಡೆಮಾ ಮೂವರೂ ಇದೇ ಗಾಯದಿಂದ 2023ರ ಮಹಿಳಾ ವಿಶ್ವಕಪ್‌ನಿಂದ ಹೊರಗುಳಿದ ಮೇಲೆ ಗದ್ದಲ ಎದ್ದಿತು.

ಇನ್ನು, ಗಾಯ ತಡೆಯಲು ನಿಜಕ್ಕೂ ಫಲ ಕೊಟ್ಟ ಉಪಾಯಗಳಿಗೆ ಯಂತ್ರ ಬೇಕಿರಲಿಲ್ಲ. ಮಂಡಿಯೂರಿ, ಜೊತೆಗಾರ ಹಿಮ್ಮಡಿ ಹಿಡಿದುಕೊಂಡಾಗ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ ತೊಡೆ ಹಿಂಬದಿಯ ಗಾಯವನ್ನು ಸುಮಾರು ಶೇ 70ರಷ್ಟು ತಗ್ಗಿಸಿತೆಂದು 2011ರಲ್ಲಿ ಡೆನ್ಮಾರ್ಕಿನ 50 ತಂಡಗಳ ಅಧ್ಯಯನ ತೋರಿಸಿತು. 2015ರಲ್ಲಿ ವಿಚಾರಿಸಿದಾಗ ಚಾಂಪಿಯನ್ಸ್ ಲೀಗ್ ಮತ್ತು ನಾರ್ವೆಯ ಉನ್ನತ ಲೀಗ್‌ನ ಕ್ಲಬ್‌ಗಳಲ್ಲಿ ಅದನ್ನು ಪೂರ್ತಿ ಪಾಲಿಸುತ್ತಿದ್ದದ್ದು ಹತ್ತರಲ್ಲಿ ಒಂದು. ಫಿಫಾ 11+ ಎಂಬ 20 ನಿಮಿಷಗಳ ವಾರ್ಮ್ ಅಪ್ ನಾರ್ವೆಯ ಹದಿಹರೆಯದ ಹುಡುಗಿಯರಲ್ಲಿ ತೀವ್ರ ಗಾಯಗಳನ್ನು ಹೆಚ್ಚೂಕಡಿಮೆ ಅರ್ಧಕ್ಕಿಳಿಸಿತು.

ಬೆಂಗಳೂರಿನ ಗೌತಮಪುರದಲ್ಲೋ ಆಸ್ಟಿನ್ ಟೌನಿನಲ್ಲೋ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಕೋಚ್‌ಗಳಿಗೆ ನನ್ನದೊಂದು ಕೋರಿಕೆ. ಜಿಪಿಎಸ್ ಬನಿಯನ್ ಇಲ್ಲವೆಂದು ಕೊರಗಬೇಡಿ. ಅಭ್ಯಾಸ ಮುಗಿದ ಅರ್ಧ ಗಂಟೆಗೆ ಪ್ರತಿ ಆಟಗಾರನನ್ನೂ ಒಬ್ಬೊಬ್ಬನಾಗಿ ಕರೆದು, ಇವತ್ತು ಎಷ್ಟು ಕಷ್ಟವಾಯಿತು, 0ಯಿಂದ 10ರೊಳಗೆ ಹೇಳು ಎಂದು ಕೇಳಿ. 90 ನಿಮಿಷದ ಅಭ್ಯಾಸಕ್ಕೆ ಅವನು 7 ಎಂದರೆ ಆ ದಿನದ ಹೊರೆ 630. ಅಮೆರಿಕದ ಕಾರ್ಲ್ ಫಾಸ್ಟರ್ ರೂಪಿಸಿದ ಈ ಲೆಕ್ಕವನ್ನು ಯುರೋಪಿನ ಕ್ಲಬ್‌ಗಳು ಇಂದಿಗೂ ಕೈಬಿಟ್ಟಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿನ್ನೆ 5 ಎಂದ ಹುಡುಗ ಅದೇ ಅಭ್ಯಾಸಕ್ಕೆ ಇವತ್ತು 9 ಎಂದರೆ, ಕಾರಣ ಕೇಳಿ, ಅವನನ್ನು ಮನೆಗೆ ಕಳಿಸಿ.